ಅರವತ್ತು ದಾಟಿದೆ, ಮಂಡಿ ನೋವೂ ಇದೆ. ಒಬ್ಬಳೇ ಹಿಮಾಲಯಕ್ಕೆ ಹೋಗಬಹುದಾ?

ಪ್ರಶ್ನೆ: ನನಗೆ 61. ಹೋದ ವರ್ಷ ಬ್ಯಾಂಕ್ ಕೆಲಸದಿಂದ ನಿವೃತ್ತಳಾದೆ. ಉತ್ತರಾಖಂಡದ ವ್ಯಾಲಿ ಆಫ್ ಫ್ಲವರ್ಸ್ ನೋಡಬೇಕು ಅನ್ನೋದು ಮೂವತ್ತು ವರ್ಷದ ಆಸೆ. ಯಜಮಾನರಿಗೆ ಬೆಟ್ಟ ಹತ್ತೋದು ಇಷ್ಟವಿಲ್ಲ. ಗೆಳತಿಯರು ಹ್ಞೂಂ ಅಂದು ಕೊನೆ ಗಳಿಗೆಯಲ್ಲಿ ಹಿಂದೆ ಸರೀತಾರೆ. ಬಿಪಿ ಮಾತ್ರೆ ತಗೋತೀನಿ, ಎಡಮಂಡಿ ಆಗಾಗ ನೋಯುತ್ತೆ. ಒಬ್ಬಳೇ ಹೋಗಬಹುದಾ? ಮಗ "ಈ ವಯಸ್ಸಲ್ಲಿ ಯಾಕಮ್ಮಾ ಬೇಕು" ಅಂತಾನೆ.

ಉತ್ತರ: ಹೋಗಬಹುದು. ಆದರೆ ಈ ಜುಲೈಗೆ ಬೇಡ, ಮುಂದಿನ ಜುಲೈಗೆ ಹೋಗಿ. ನಡುವಿನ ಒಂದು ವರ್ಷ ತಯಾರಿಗೆ ಬೇಕು.

ಇದೇ ಪ್ರಶ್ನೆಯನ್ನು ನನಗೆ ತುಂಬ ಜನ ಕೇಳಿದ್ದಾರೆ. ಎಲ್ಲರೂ ಹೆಚ್ಚುಕಡಿಮೆ ನಮ್ಮ ವಯಸ್ಸಿನವರೇ. ಮಕ್ಕಳ ಓದು, ಮದುವೆ, ಅತ್ತೆ ಮಾವನ ಆರೈಕೆ ಎಲ್ಲ ಮುಗಿಸಿ ಈಗಷ್ಟೇ ಬಿಡುವಾದವರು. ನಾನು ಮೈಸೂರಿನಲ್ಲಿ ಹೈಸ್ಕೂಲಿನ ವಿಜ್ಞಾನ ಟೀಚರ್ ಆಗಿದ್ದೆ. ನಿವೃತ್ತಿಯಾದ ಎರಡು ವರ್ಷಕ್ಕೆ, 62ರಲ್ಲಿ, ಆ ಹೂವಿನ ಕಣಿವೆಗೆ ಒಬ್ಬಳೇ ಹೋಗಿ ಬಂದೆ.

ನಿಮ್ಮ ಮಗನಿಗೆ ಇರುವ ಭಯ ಗೊತ್ತಾಗುತ್ತದೆ. ಕಳ್ಳರು, ಗುರುತಿಲ್ಲದ ಜನ, ಗೊತ್ತಿಲ್ಲದ ಭಾಷೆ. ನನ್ನ ಮನೆಯವರಿಗೂ ಇದೇ ಭಯವಿತ್ತು. ಆದರೆ ಆ ದಾರಿಯಲ್ಲಿ ನೀವು ಒಂಟಿಯಾಗಿ ಇರುವುದೇ ಇಲ್ಲ. ಹೇಮಕುಂಡ ಸಾಹಿಬ್‌ಗೆ ಹೋಗುವ ಸಿಖ್ ಯಾತ್ರಿಕರೂ ಅದೇ ದಾರಿಯಲ್ಲಿ ಹೋಗುತ್ತಾರೆ. ಸಲ್ವಾರ್ ತೊಟ್ಟ ಅಜ್ಜಿಯರು ಕೋಲೂರಿಕೊಂಡು, "ವಾಹೆಗುರು" ಅನ್ನುತ್ತಾ ಹತ್ತುತ್ತಿರುತ್ತಾರೆ. ಕಣಿವೆಗೆ ಮೊದಲು ಸಿಗುವ ಕೊನೆಯ ಊರು ಘಾಂಘರಿಯಾ. ಅಲ್ಲಿನ ಗುರುದ್ವಾರದಲ್ಲಿ ಯಾರು ಬಂದರೂ ಊಟ ಇದೆ, ಮಲಗಲು ಜಾಗ ಇದೆ. ಅಲ್ಲಿ ನನ್ನ ಪಕ್ಕ ಕೂತ ಪಂಜಾಬಿನ ಅಜ್ಜಿಗೆ ನನ್ನ ಹಿಂದಿ ಅರ್ಧ ಅರ್ಥವಾಗಲಿಲ್ಲ. ಆದರೂ ನನ್ನ ಒದ್ದೆ ಕಾಲುಚೀಲ ನೋಡಿ, ತಮ್ಮ ಚೀಲದಿಂದ ಒಂದು ಜೊತೆ ಉಣ್ಣೆಯದ್ದು ತೆಗೆದು ನನ್ನ ತೊಡೆಯ ಮೇಲೆ ಇಟ್ಟರು.

ನಾವು ನಿಜವಾಗಿ ಹೆದರಬೇಕಾದ್ದು ಬೇರೆ ಮೂರಕ್ಕೆ: ಇಳಿಜಾರು, ಎತ್ತರ, ಅವಸರ.

ಇಳಿಜಾರಿನ ಪಾಠ ನಾನು ಕಲಿತದ್ದು ಹಿಮಾಲಯದಲ್ಲಲ್ಲ, ಚಿಕ್ಕಮಗಳೂರಿನಲ್ಲಿ. ನಿವೃತ್ತಿಯಾದ ಹೊಸದರಲ್ಲಿ ಒಂದು ಗುಂಪಿನ ಜೊತೆ ಮುಳ್ಳಯ್ಯನಗಿರಿಗೆ ಹೋಗಿದ್ದೆ. ಮೂರು ಗಂಟೆಗೆ ಬಸ್ ಹೊರಡುತ್ತದೆ, ಬೇಗ ಬನ್ನಿ ಎಂದು ಕರೆದುಕೊಂಡು ಹೋದವರು ಹಿಂದಿನಿಂದ ಕೂಗುತ್ತಲೇ ಇದ್ದರು. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಸಡಿಲ ಕಲ್ಲಿನ ಮೇಲೆ ಕಾಲು ಜಾರಿತು. ಎಡಗೈ ಊರಿದೆ. ಮುಂಗೈ ಮೂಳೆ ಬಿರುಕು ಬಿಟ್ಟು ಆರು ವಾರ ಪ್ಲಾಸ್ಟರ್. ಆಗಲೇ ಡಾಕ್ಟರು ಮೂಳೆ ಎಷ್ಟು ಗಟ್ಟಿ ಇದೆ ಎಂದು ನೋಡುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಕಡಿಮೆಯಾಗಿ ನಮ್ಮ ಮೂಳೆ ಸವೆಯುತ್ತದೆ. ಹೊರಗೆ ಏನೂ ಗೊತ್ತಾಗುವುದಿಲ್ಲ, ಬಿದ್ದಾಗಲೇ ಗೊತ್ತಾಗೋದು. ಅದಕ್ಕೇ ಶೂ ಕೊಳ್ಳುವ ಮೊದಲು ಈ ಸ್ಕ್ಯಾನ್ ಮಾಡಿಸಿ. ವಿಟಮಿನ್ ಡಿ ಕೂಡ ನೋಡಿಸಿಕೊಳ್ಳಿ.

ಮಂಡಿ ವಿಷಯಕ್ಕೆ ಬರೋಣ. ಹತ್ತುವಾಗ ದಣಿಯುವುದು ಉಸಿರು. ಇಳಿಯುವಾಗ ದಣಿಯುವುದು ತೊಡೆ. ಇಳಿಯುವ ಒಂದೊಂದು ಹೆಜ್ಜೆಯಲ್ಲೂ ಮೈಭಾರವನ್ನು ತಡೆದು ನಿಲ್ಲಿಸುವುದು ತೊಡೆಯ ಮುಂಭಾಗದ ಸ್ನಾಯು. ಅದು ಸೋತರೆ ಆ ಭಾರವೆಲ್ಲ ಮಂಡಿಗೆ ಬೀಳುತ್ತದೆ. ನಮ್ಮೂರಿನಲ್ಲಿ ವಯಸ್ಸಾದವರು ಚಾಮುಂಡಿ ಬೆಟ್ಟವನ್ನು ಮೆಟ್ಟಿಲು ಹತ್ತಿ ಹೋಗಿ, ಬಸ್ಸಿನಲ್ಲಿ ಇಳಿಯುತ್ತಾರೆ. ನಾನು ಉಲ್ಟಾ ಮಾಡಿದೆ. ಬಸ್ಸಿನಲ್ಲಿ ಮೇಲೆ ಹೋಗಿ, ದೊಡ್ಡ ನಂದಿಯವರೆಗೆ ಸುಮಾರು 300 ಮೆಟ್ಟಿಲು ಇಳಿದೆ, ಅಷ್ಟೇ. ಒಂದು ತಿಂಗಳು ಹೀಗೆ. ಆಮೇಲೆ ಪೂರ್ತಿ ಸಾವಿರ ಮೆಟ್ಟಿಲು ಇಳಿದೆ. ಕೊನೆಯ ಮೂರು ತಿಂಗಳು ಹತ್ತಿ ಇಳಿಯುವುದು ಎರಡೂ. ಮನೆಯಲ್ಲಿ ಇನ್ನೊಂದು ಮಾಡಿ. ಕೈ ಊರದೆ ಕುರ್ಚಿಯಿಂದ ಎದ್ದು ನಿಲ್ಲಿ, ಮೆಲ್ಲಗೆ ಕೂರಿ. ಮೂರು ಎಣಿಸುವಷ್ಟು ಹೊತ್ತು ತೆಗೆದುಕೊಂಡೇ ಕೂರಬೇಕು. ಹತ್ತು ಸಲ ಮಾಡಿ ನೋಡಿ, ಯಾವ ಸ್ನಾಯು ಅಂತ ಗೊತ್ತಾಗುತ್ತದೆ. ಆಗಾಗ ನೋಯುವ ಮಂಡಿಯನ್ನು ಮೊದಲು ಮೂಳೆ ಡಾಕ್ಟರಿಗೋ ಫಿಸಿಯೋಥೆರಪಿಯವರಿಗೋ ತೋರಿಸಿಯೇ ಇದನ್ನು ಶುರು ಮಾಡಿ. ಚಾರಣದಲ್ಲಿ ಒಂದಲ್ಲ, ಎರಡು ಕೋಲು ಹಿಡಿಯಿರಿ. ಇಳಿಯುವಾಗ ಭಾರ ಕೈಗೂ ಹಂಚಿಹೋಗುತ್ತದೆ.

ಎತ್ತರದ ಲೆಕ್ಕ ಬೇರೆ. ಮುಳ್ಳಯ್ಯನಗಿರಿ 1,930 ಮೀಟರ್. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಜಾಗವಿಲ್ಲ, ಹಾಗಾಗಿ ತೆಳು ಗಾಳಿಗೆ ಮೈ ಒಗ್ಗದೆ ಬರುವ ಎತ್ತರದ ಕಾಯಿಲೆ ಏನೆಂದು ನಮಗೆ ಊರಲ್ಲಿ ಗೊತ್ತೇ ಆಗುವುದಿಲ್ಲ. ಅದು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ. ಘಾಂಘರಿಯಾ 3,000 ಮೀಟರಿಗಿಂತ ಸ್ವಲ್ಪ ಮೇಲಿದೆ. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಸುಮಾರು ಶೇ. 70 ಮಾತ್ರ. ಕಣಿವೆ 3,500ರ ಆಸುಪಾಸು. ಹೇಮಕುಂಡ 4,000ಕ್ಕೂ ಮೇಲೆ.

ನಮಗೆ ಧೈರ್ಯ ಕೊಡುವ ಮಾತು ಒಂದಿದೆ. ವಯಸ್ಸಾಗಿದೆ ಅನ್ನುವ ಒಂದೇ ಕಾರಣಕ್ಕೆ ಎತ್ತರದ ಕಾಯಿಲೆ ಜಾಸ್ತಿ ಬರುವುದಿಲ್ಲ. ಗಟ್ಟಿಮುಟ್ಟಾದ ಹುಡುಗರಿಗೂ ಬರುತ್ತದೆ. ಅದನ್ನು ತೀರ್ಮಾನಿಸುವುದು ಮುಖ್ಯವಾಗಿ ಎಷ್ಟು ಬೇಗ ಮೇಲೆ ಹೋದಿರಿ ಅನ್ನುವುದು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು ಎಂಬುದು ವೈದ್ಯರು ಹೇಳುವ ಸಾಮಾನ್ಯ ನಿಯಮ. ಅಂದರೆ ಇಲ್ಲಿ ನಿಧಾನವೇ ಔಷಧಿ. ಒಬ್ಬಳೇ ಹೋಗುವುದರ ದೊಡ್ಡ ಲಾಭ ಇರುವುದೂ ಇಲ್ಲೇ. ಹಿಂದಿನಿಂದ ಕೂಗುವವರು ಯಾರೂ ಇಲ್ಲ. ಹತ್ತು ಹೆಜ್ಜೆಗೊಮ್ಮೆ ನಿಲ್ಲಬಹುದು. ಇವತ್ತು ಬೇಡ ಅನ್ನಿಸಿದರೆ ಮಲಗಬಹುದು. ನನ್ನ ಕೈ ಮುರಿದದ್ದು ಇಪ್ಪತ್ತು ಜನರ ಜೊತೆ ಇದ್ದಾಗ. ಒಬ್ಬಳೇ ನಡೆದಾಗ ಒಂದು ಸಲವೂ ಜಾರಲಿಲ್ಲ.

ಆದರೆ ಒಬ್ಬಳೇ ಹೋಗುವುದರ ನಿಜವಾದ ಅಪಾಯವೂ ಇಲ್ಲೇ ಇದೆ, ಅದನ್ನು ಮುಚ್ಚಿಡಬಾರದು. ಎತ್ತರದ ಕಾಯಿಲೆ ಜೋರಾದರೆ ಮಿದುಳು ಮಂಕಾಗುತ್ತದೆ. ನಮಗೆ ಹುಷಾರಿಲ್ಲ ಅಂತ ನಮಗೇ ತಿಳಿಯುವುದಿಲ್ಲ. ಅದಕ್ಕೆ ಲಾಡ್ಜ್‌ನವರಿಗೆ, ಸಾಮಾನು ಹೊರುವವರಿಗೆ ಮೊದಲೇ ಹೇಳಿಡಿ: ಬೆಳಿಗ್ಗೆ ಏಳಕ್ಕೆ ನನ್ನ ಬಾಗಿಲು ತಟ್ಟಿ, ತೊದಲಿದರೆ, ನೆಟ್ಟಗೆ ನಡೆಯಲಾಗದಿದ್ದರೆ, ಸುಮ್ನೆ ಕೂತಾಗಲೂ ಏದುಸಿರು ಬರುತ್ತಿದ್ದರೆ ನನ್ನ ಮಾತು ಕೇಳಬೇಡಿ, ಕೆಳಗೆ ಕರೆದುಕೊಂಡು ಹೋಗಿ. ಬರೀ ತಲೆನೋವು, ವಾಕರಿಕೆ ಇದ್ದರೆ ಮೇಲೆ ಹತ್ತದೆ ಅಲ್ಲೇ ಉಳಿಯಿರಿ. ಬಿಪಿ ಮಾತ್ರೆ ನಿಲ್ಲಿಸಬೇಡಿ. ಎತ್ತರದಲ್ಲಿ ಬಿಪಿ ಏರುವುದುಂಟು, ಕೆಲವು ಬಿಪಿ ಮಾತ್ರೆಗಳು ನೀರನ್ನೂ ಹೊರಹಾಕುತ್ತವೆ. ಹಾಗಾಗಿ ಹೊರಡುವ ತಿಂಗಳ ಮುಂಚೆ ಡಾಕ್ಟರ ಹತ್ತಿರ ಕೂತು ಮಾತಾಡಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಬೇಕೋ ಬೇಡವೋ ಅನ್ನುವುದನ್ನೂ ಅವರೇ ಹೇಳಲಿ. ಸಲ್ಫಾ ಅಲರ್ಜಿ ಇದ್ದರೆ ಖಂಡಿತ ಹೇಳಿ.

ಈಗ ಯಾರೂ ಬಾಯಿಬಿಟ್ಟು ಕೇಳದ ವಿಷಯ. ನಾವು ಹೆಂಗಸರು ಪ್ರಯಾಣದಲ್ಲಿ ಬಾತ್‌ರೂಮಿನ ಚಿಂತೆಗೆ ನೀರೇ ಕುಡಿಯುವುದಿಲ್ಲ. ಕೆಮ್ಮಿದರೆ, ಎತ್ತರದ ಮೆಟ್ಟಿಲು ಇಳಿದರೆ ಹನಿ ಬೀಳುವ ತೊಂದರೆ ನಮ್ಮಲ್ಲಿ ಎಷ್ಟೋ ಜನಕ್ಕಿದೆ. ಬೆಟ್ಟದಲ್ಲಿ ನೀರು ಕುಡಿಯದಿದ್ದರೆ ತಲೆನೋವು, ಸುಸ್ತು ಶುರುವಾಗಿ ಎತ್ತರದ ಕಾಯಿಲೆಯೋ ಬಾಯಾರಿಕೆಯೋ ಎಂದೇ ತಿಳಿಯುವುದಿಲ್ಲ. ಮೂತ್ರ ತಡೆಹಿಡಿಯುವ ತಳದ ಸ್ನಾಯುವನ್ನು ಬಿಗಿಹಿಡಿಯುವ ಕೀಗಲ್ ವ್ಯಾಯಾಮವನ್ನು ಇವತ್ತೇ ಶುರು ಮಾಡಿ. ಕೆಲವು ತಿಂಗಳಲ್ಲಿ ಎಷ್ಟೋ ಜನಕ್ಕೆ ಗುಣ ಕಾಣುತ್ತದೆ. ಪ್ಯಾಡ್ ಇಟ್ಟುಕೊಳ್ಳಿ. ಮೊಣಕಾಲು ಮುಚ್ಚುವ ಸಡಿಲ ಕುರ್ತಾ, ಒಂದು ದೊಡ್ಡ ಕೊಡೆ ಇರಲಿ. ಬಂಡೆಯ ಪಕ್ಕ ಕೊಡೆ ಬಿಚ್ಚಿ ಹಿಡಿದರೆ ಅದೇ ನಿಮ್ಮ ಬಾಗಿಲು. ಬಳಸಿದ್ದನ್ನೆಲ್ಲ ಒಂದು ಕವರಿನಲ್ಲಿ ವಾಪಸ್ ತನ್ನಿ.

ಒಬ್ಬಳೇ ಇರುವ ಅಭ್ಯಾಸವನ್ನೂ ಮೊದಲೇ ಮಾಡಿಕೊಳ್ಳಬೇಕು. ನಮ್ಮಲ್ಲಿ ಎಷ್ಟೋ ಜನ ಹೋಟೆಲಿನಲ್ಲಿ ಒಬ್ಬರೇ ಕೂತು ಊಟ ಮಾಡಿದವರೇ ಅಲ್ಲ. ಇದಕ್ಕೆ ನಮಗೆ ಶಕ್ತಿ ಯೋಜನೆ ಇದೆ. 2023ರ ಜೂನ್ 11ರಿಂದ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ. ಗುರುತಿನ ಚೀಟಿ ಹಿಡಿದು ಹೊರಡಿ. ಮೊದಲು ಒಂದು ದಿನಕ್ಕೆ ಶ್ರವಣಬೆಳಗೊಳ. ಬರಿಗಾಲಿನಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಇಳಿದು, ಒಬ್ಬರೇ ಊಟ ಮಾಡಿ, ಕತ್ತಲಾಗುವ ಮುಂಚೆ ಮನೆಗೆ. ಆಮೇಲೆ ಹಂಪಿಯಲ್ಲಿ ಎರಡು ರಾತ್ರಿ. ನಾನು ಮೊದಲ ರಾತ್ರಿ ರೂಮಿನ ಬಾಗಿಲಿಗೆ ಕುರ್ಚಿ ಒರಗಿಸಿ, ಲೈಟ್ ಆರಿಸದೆ ಮಲಗಿದ್ದೆ. ಎರಡನೇ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಕೊನೆಗೆ ಅರಣ್ಯ ಇಲಾಖೆಯ ಬುಕಿಂಗ್ ಮಾಡಿಸಿ, ಗೈಡ್ ಜೊತೆ ಕುದುರೆಮುಖ. ಕಾಡಿನಲ್ಲಿ ಮಾತ್ರ ಒಬ್ಬರೇ ನಡೆಯಲೇಬೇಡಿ. ಅದನ್ನು ಒಂದು ದಿನದಲ್ಲಿ ಹತ್ತಿಳಿದು, ಮಾರನೇ ದಿನ ಮನೆಗೆಲಸ ಮಾಡುವಷ್ಟು ಚೈತನ್ಯ ಉಳಿದಿದ್ದರೆ ನಿಮ್ಮ ಕಾಲು ತಯಾರಾಗಿದೆ.

ಇನ್ನು ದಾರಿ. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದರೆ ದೆಹಲಿ, ಅಲ್ಲಿಂದ ಹರಿದ್ವಾರ. ಹಿರಿಯರ ರಿಯಾಯಿತಿಯನ್ನು ರೈಲ್ವೆ 2020ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಆದರೆ ಒಂದು ಅನುಕೂಲ ಉಳಿದಿದೆ. ಒಬ್ಬರೇ ಪ್ರಯಾಣ ಮಾಡುವ 45 ದಾಟಿದ ಹೆಂಗಸರಿಗೆ ಲೋವರ್ ಬರ್ತ್ ಕೋಟಾ ಇದೆ. ಬುಕ್ ಮಾಡುವಾಗ ಆ ಕೋಟಾ ಆರಿಸಿ.

ಹರಿದ್ವಾರ, ಋಷಿಕೇಶದಿಂದ ಜೋಶಿಮಠಕ್ಕೆ ಒಂದು ಇಡೀ ದಿನ. ಬಸ್ ನಸುಕಿನಲ್ಲೇ ಹೊರಡುತ್ತದೆ. ಕಿಟಕಿ ಪಕ್ಕ ಕೂತರೆ ದೇವಪ್ರಯಾಗದಲ್ಲಿ ಅಲಕನಂದಾ, ಭಾಗೀರಥಿ ಸೇರುವುದು ಕಾಣುತ್ತದೆ. ಜೋಶಿಮಠದಲ್ಲಿ ಎರಡು ರಾತ್ರಿ ನಿಲ್ಲಿ, ಅದು 1,900 ಮೀಟರಿನ ಹತ್ತಿರ. ಆಮೇಲೆ ಗೋವಿಂದಘಾಟ್, ಅಲ್ಲಿಂದ ಜೀಪಿನಲ್ಲಿ 4 ಕಿ.ಮೀ. ಪುಲ್ನಾ. ಪುಲ್ನಾದಿಂದ ಘಾಂಘರಿಯಾಕ್ಕೆ ಸುಮಾರು 10 ಕಿ.ಮೀ. ನಡಿಗೆ. ಯುವಕರು ನಾಲ್ಕೈದು ಗಂಟೆಯಲ್ಲಿ ಹತ್ತುತ್ತಾರೆ. ನನಗೆ ಎಂಟು ಗಂಟೆ ಆಯಿತು. ಚೀಲವನ್ನು ಹೊರುವವರಿಗೆ ಕೊಟ್ಟುಬಿಡಿ. ಅಷ್ಟಕ್ಕೂ ಆಗದಿದ್ದರೆ ಕುದುರೆ ಇದೆ. ಕುದುರೆ ಹತ್ತುವುದರಲ್ಲಿ ಅವಮಾನ ಏನೂ ಇಲ್ಲ.

ಕಣಿವೆ ಜೂನ್‌ನಿಂದ ಅಕ್ಟೋಬರ್‌ವರೆಗೆ ತೆರೆದಿರುತ್ತದೆ. ಹೂವು ತುಂಬಿರುವುದು ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಅದೇ ಮಳೆಗಾಲ, ಗುಡ್ಡ ಕುಸಿದು ರಸ್ತೆ ಮುಚ್ಚುವ ಕಾಲ. ಮೂರು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಕಣಿವೆಯೊಳಗೆ ಅಂಗಡಿ ಇಲ್ಲ, ರಾತ್ರಿ ಉಳಿಯುವಂತಿಲ್ಲ. ಒಗ್ಗರಣೆ ಅವಲಕ್ಕಿ, ಚಿಕ್ಕಿ, ನೀರು ಕಟ್ಟಿಕೊಂಡು ಬೆಳಿಗ್ಗೆ ಗೇಟು ತೆರೆದ ತಕ್ಷಣ ಒಳಗೆ ಹೋಗಿ.

ಒಳಗೆ ಒಂದು ಸಮಾಧಿ ಇದೆ. ಜೋನ್ ಮಾರ್ಗರೆಟ್ ಲೆಗ್ ಎಂಬ ಇಂಗ್ಲೆಂಡಿನ ಹೆಂಗಸಿನದು. ಗಿಡಗಳನ್ನು ಸಂಗ್ರಹಿಸಲು ಬಂದಿದ್ದರು. 1939ರ ಜುಲೈನಲ್ಲಿ, 54ನೇ ವಯಸ್ಸಿನಲ್ಲಿ, ಇಲ್ಲೇ ಜಾರಿ ಬಿದ್ದು ತೀರಿಕೊಂಡರು. ಕಲ್ಲಿನ ಸುತ್ತ ಹೂವು ಎದೆಯೆತ್ತರ ಬೆಳೆದಿತ್ತು. ಗುಲಾಬಿ ಬಣ್ಣದ ಕರ್ಣಕುಂಡಲದ ಜಾತಿಯವು. ನಮ್ಮ ಹಿತ್ತಲಿನ ಕರ್ಣಕುಂಡಲದ ಹಾಗೆಯೇ ಅದರ ಬಲಿತ ಕಾಯಿ ಮುಟ್ಟಿದರೆ ಸಿಡಿಯುತ್ತದೆ. ಮಂಜು ಬಂದು ಎದುರಿನ ಬೆಟ್ಟ ಮರೆಯಾಯಿತು, ಐದು ನಿಮಿಷದಲ್ಲಿ ಮತ್ತೆ ಕಾಣಿಸಿತು. ನಾನು ಅಲ್ಲಿ ಒಂದೂವರೆ ಗಂಟೆ ಕೂತಿದ್ದೆ. ಏಳೋಣ ಅನ್ನುವವರು ಯಾರೂ ಇರಲಿಲ್ಲ.

ಹೇಮಕುಂಡಕ್ಕೆ ನಾನು ಹೋಗಲಿಲ್ಲ. ಹೊರಟಿದ್ದೆ. ಅರ್ಧದಲ್ಲಿ ತಲೆ ಸಿಡಿಯತೊಡಗಿತು, ಚಹಾ ಕುಡಿದು ಇಳಿದುಬಿಟ್ಟೆ. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅಮೆರಿಕದ ಎಮ್ಮಾ ಗೇಟ್‌ವುಡ್ ನೆನಪಾದರು. 11 ಮಕ್ಕಳ ತಾಯಿ. 1954ರಲ್ಲಿ ಅಪಲಾಚಿಯನ್ ಟ್ರೇಲ್ ಎಂಬ ಅಲ್ಲಿನ ಉದ್ದದ ಚಾರಣದ ದಾರಿಗೆ ಹೋಗಿ, ದಾರಿ ತಪ್ಪಿ, ಕನ್ನಡಕ ಒಡೆದುಕೊಂಡು ಮನೆಗೆ ವಾಪಸಾದರು. ಮುಂದಿನ ವರ್ಷ, 67ರಲ್ಲಿ, ಸುಮಾರು 3,300 ಕಿ.ಮೀ. ದಾರಿಯನ್ನು ಒಬ್ಬರೇ ನಡೆದು ಮುಗಿಸಿದರು. ವಾಪಸ್ ಬಂದದ್ದರಿಂದಲೇ ಅಲ್ವಾ ಮತ್ತೆ ಹೋಗಲು ಆದದ್ದು?

ನಿಮ್ಮ ಮಗನಿಗೆ ವಾದ ಮಾಡಿ ಒಪ್ಪಿಸಬೇಡಿ. ಒಂದು ಹಾಳೆ ಬರೆದು ಕೊಡಿ. ಯಾವ ದಿನ ಯಾವ ಊರು, ಲಾಡ್ಜ್‌ನ ನಂಬರು, ನಿಮ್ಮ ಮಾತ್ರೆಗಳ ಹೆಸರು, ರಕ್ತದ ಗುಂಪು, ವಿಮೆಯ ನಂಬರು. ಆ ವಿಮೆ ಚಾರಣಕ್ಕೂ, ಆ ಎತ್ತರಕ್ಕೂ, ನಿಮ್ಮ ವಯಸ್ಸಿಗೂ ಅನ್ವಯಿಸುತ್ತದಾ ಎಂದು ಮೊದಲೇ ಓದಿ ನೋಡಿ. ಹಾಳೆಯ ಕೊನೆಗೆ ಹೀಗೆ ಬರೆಯಿರಿ: ಒಂದು ದಿನ ಫೋನ್ ಬರದಿದ್ದರೆ ಸಿಗ್ನಲ್ ಇಲ್ಲ ಅಂದುಕೋ, ಎರಡು ದಿನ ಬರದಿದ್ದರೆ ಲಾಡ್ಜ್‌ಗೆ ಫೋನ್ ಮಾಡು. ನನ್ನ ಮಗ ಆ ಹಾಳೆಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿಕೊಂಡಿದ್ದ. ನಾನು ಫೋನ್ ಮಾಡಿದ ದಿನಗಳಿಗೆಲ್ಲ ಪೆನ್ಸಿಲಿನಲ್ಲಿ ಟಿಕ್ ಹಾಕಿದ್ದ.

ರೈಲಿನ ಬುಕಿಂಗ್ 60 ದಿನ ಮೊದಲು ಶುರುವಾಗುತ್ತದೆ. ಜುಲೈ ಮಧ್ಯಕ್ಕೆ ಹೊರಡುವುದಾದರೆ ಮೇ ಮಧ್ಯಕ್ಕೆ ಬೆಳಿಗ್ಗೆ ಎಂಟು ಗಂಟೆಗೇ ಕೂತು ಟಿಕೆಟ್ ಮಾಡಿಸಿ. ಅದಕ್ಕಿಂತ ಮೊದಲು, ಈ ವಾರವೇ, ಆ ಎಡಮಂಡಿ ತೋರಿಸಿಕೊಂಡು ಬನ್ನಿ.