ಕಂಡ ಚುಕ್ಕೆ ಕೈತಪ್ಪದಂತೆ: ಕ್ಷುದ್ರಗ್ರಹಗಳ ಬೆನ್ನು ಹಿಡಿದ ಇನ್ನೂರು ವರ್ಷ

1801ರ ಜನವರಿ 1ರ ರಾತ್ರಿ, ಸಿಸಿಲಿಯ ಪಲೆರ್ಮೊ ವೀಕ್ಷಣಾಲಯದಲ್ಲಿ ನಕ್ಷತ್ರಗಳ ಪಟ್ಟಿ ಸಿದ್ಧಪಡಿಸುತ್ತಿದ್ದ ಜುಸೆಪ್ಪೆ ಪಿಯಾಟ್ಸಿ ವೃಷಭ ರಾಶಿಯ ಮಸುಕಾದ ಚುಕ್ಕೆಯೊಂದರ ಸ್ಥಾನವನ್ನು ಬರೆದಿಟ್ಟುಕೊಂಡರು. ಮರುರಾತ್ರಿ ನೋಡಿದಾಗ ಅದು ತುಸು ಸರಿದಿತ್ತು. ಸೀರಿಸ್ ಎಂದು ಹೆಸರಾದ ಆ ಕಾಯವನ್ನು ಪಿಯಾಟ್ಸಿ ಹಿಂಬಾಲಿಸಿದ್ದು 41 ದಿನ ಮಾತ್ರ; ನಡುವೆ ಅವರು ಕಾಯಿಲೆ ಬಿದ್ದರು, ಚುಕ್ಕೆ ಸೂರ್ಯನ ಪ್ರಭೆಯಲ್ಲಿ ಮರೆಯಾಯಿತು. ಅಷ್ಟೇ ಮಾಹಿತಿಯಿಂದ ಅದರ ಕಕ್ಷೆಯನ್ನು ಲೆಕ್ಕ ಹಾಕಿದವರು 24ರ ಹರೆಯದ ಗಣಿತಜ್ಞ ಗಾಸ್. ವರ್ಷದ ಕೊನೆಯ ರಾತ್ರಿ ಸೀರಿಸ್ ಅವರು ಹೇಳಿದ ಜಾಗದ ಹತ್ತಿರವೇ ಸಿಕ್ಕಿತು. ಕ್ಷುದ್ರಗ್ರಹಗಳ, ಅಂದರೆ ಸೂರ್ಯನನ್ನು ಸುತ್ತುವ ಗ್ರಹಗಳಿಗಿಂತ ಚಿಕ್ಕ ಕಾಯಗಳ, ಇತಿಹಾಸದಲ್ಲಿ ಮೊದಲ ಶೋಧಕ್ಕಿಂತ ಈ ಮರುಶೋಧಕ್ಕೇ ಹೆಚ್ಚಿನ ತೂಕವಿದೆ ಎಂದು ನನ್ನ ಎಣಿಕೆ.

ಎಷ್ಟು ಹಿಗ್ಗಿಸಿ ನೋಡಿದರೂ ಇವು ಚುಕ್ಕೆಗಳಾಗಿಯೇ ಉಳಿದದ್ದರಿಂದ ವಿಲಿಯಂ ಹರ್ಷೆಲ್ 1802ರಲ್ಲಿ ‘ಆಸ್ಟರಾಯ್ಡ್’, ಅಂದರೆ ನಕ್ಷತ್ರದಂತಿರುವುದು, ಎಂದು ಕರೆದರು. (ಆ ಹೆಸರು ಹೇಳುವುದು ತೋರಿಕೆಯನ್ನು, ನಮ್ಮ ‘ಕ್ಷುದ್ರಗ್ರಹ’ ಹೇಳುವುದು ಗಾತ್ರವನ್ನು.) 1891ರಲ್ಲಿ ಮ್ಯಾಕ್ಸ್ ವುಲ್ಫ್ ಕ್ಯಾಮೆರಾವನ್ನು ನಕ್ಷತ್ರಗಳ ಚಲನೆಗೆ ಹೊಂದಿಸಿ ಗಂಟೆಗಟ್ಟಲೆ ತೆರೆದಿಟ್ಟಾಗ, ಗಾಜಿನ ಫಲಕದಲ್ಲಿ ನಕ್ಷತ್ರಗಳು ಬಿಂದುಗಳಾಗಿಯೂ ಕ್ಷುದ್ರಗ್ರಹ ಪುಟ್ಟ ಗೆರೆಯಾಗಿಯೂ ಮೂಡಿದವು. ಆಗ ಮುನ್ನೂರು ದಾಟಿದ್ದ ಎಣಿಕೆ ಇಂದು 13 ಲಕ್ಷವನ್ನು ಮೀರಿದೆ.

ಆದರೆ ಚುಕ್ಕೆಯಿಂದ ವಸ್ತುವನ್ನು ಓದುವುದು ಬೇರೆಯೇ ಕೆಲಸ. ಬೆಳಕು ಏರಿಳಿಯುವ ಲಯದಿಂದ ಅದು ತನ್ನ ಸುತ್ತ ತಿರುಗುವ ಅವಧಿಯನ್ನೂ, ಆಕಾರದ ಅಂದಾಜನ್ನೂ ಪಡೆಯಬಹುದು. ರೋಹಿತದಿಂದ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಸಿಗುವ ಪಟ್ಟಿಯಿಂದ, ಮೇಲ್ಮೈಯ ಖನಿಜಗಳ ಸುಳಿವು ಸಿಗುತ್ತದೆ. ಗಾತ್ರ ಮಾತ್ರ ಸುಲಭಕ್ಕೆ ದಕ್ಕುವುದಿಲ್ಲ. ಇದ್ದಿಲಿನಷ್ಟು ಕಪ್ಪಾದ ದೊಡ್ಡ ಕಲ್ಲೂ ಬೆಳಕನ್ನು ಚೆನ್ನಾಗಿ ಪ್ರತಿಫಲಿಸುವ ಸಣ್ಣ ಕಲ್ಲೂ ದೂರದರ್ಶಕಕ್ಕೆ ಒಂದೇ ತೆರನಾಗಿ ಕಾಣುತ್ತವೆ. ಬಿಸಿಲಿಗೆ ಕಾದ ಕಲ್ಲು ಹೊಮ್ಮಿಸುವ, ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಅಳೆದಾಗ ಈ ಗೊಂದಲ ಬಹುಮಟ್ಟಿಗೆ ಬಗೆಹರಿಯುತ್ತದೆ. ಭೂಮಿಯ ಸಮೀಪಕ್ಕೆ ಬಂದವುಗಳಿಗೆ ರೇಡಾರ್ ಉಂಟು.

1991ರಲ್ಲಿ ಗೆಲಿಲಿಯೋ ನೌಕೆ ಗ್ಯಾಸ್ಪ್ರಾ ಎಂಬ ಕ್ಷುದ್ರಗ್ರಹದ ಪಕ್ಕದಲ್ಲಿ ಹಾದುಹೋದ ಮೇಲೆ ಚುಕ್ಕೆಗಳಿಗೆ ಮುಖ ಬಂತು. ಜಪಾನಿನ ಹಯಬುಸಾ ನೌಕೆ 2005ರಲ್ಲಿ ತಲುಪಿದ ಇಟೊಕಾವಾ ಇಡಿಯಾದ ಬಂಡೆಯಾಗಿರದೆ, ದುರ್ಬಲ ಗುರುತ್ವದಲ್ಲಿ ಒಟ್ಟುಗೂಡಿದ ಕಲ್ಲುರಾಶಿಯಾಗಿತ್ತು. 2020ರ ಅಕ್ಟೋಬರ್‌ನಲ್ಲಿ ನಾಸಾದ ಒಸೈರಿಸ್-ರೆಕ್ಸ್ ನೌಕೆ ತನ್ನ ಕೈಯನ್ನು ‘ಬೆನ್ನು’ ಎಂಬ ಕ್ಷುದ್ರಗ್ರಹದ ಮೇಲೆ ಊರಿದಾಗಲಂತೂ ನೆಲ ಎದುರೊತ್ತು ಕೊಡಲೇ ಇಲ್ಲ. ಕೈ ಸಡಿಲ ಜಲ್ಲಿಯೊಳಗೆ ಇಳಿಯುತ್ತಲೇ ಹೋಯಿತು, ನೌಕೆ ಹಿಮ್ಮುಖವಾಗಿ ಹಾರದಿದ್ದರೆ ಇನ್ನೂ ಆಳಕ್ಕೆ ಹೂತುಹೋಗುತ್ತಿತ್ತು. ಹಾಗೆ ಬಾಚಿಕೊಂಡ 121.6 ಗ್ರಾಂ ಮಾದರಿ 2023ರಲ್ಲಿ ಭೂಮಿಗೆ ಬಂತು.

ಗಾಸ್ ಬಿಡಿಸಿದ ಬಗೆಯ ಲೆಕ್ಕಕ್ಕೆ ಈಗ ಹೆಚ್ಚಿನ ತುರ್ತು ಬಂದಿದೆ. 2004ರಲ್ಲಿ ಪತ್ತೆಯಾದ ಅಪೋಫಿಸ್ 2029ರಲ್ಲಿ ಭೂಮಿಗೆ ಅಪ್ಪಳಿಸುವ ಸಾಧ್ಯತೆ ಶೇ 2.7ರಷ್ಟಿದೆ ಎಂದು ಮೊದಲು ಕಂಡಿತ್ತು. ಅವಲೋಕನಗಳು ಹೆಚ್ಚಿದಂತೆ ಆ ಭಯ ಕರಗಿತು. ಅದಕ್ಕೆ ವ್ಯತಿರಿಕ್ತವಾದದ್ದು 2013ರ ಫೆಬ್ರವರಿ 15. ಒಂದು ವರ್ಷ ಮೊದಲೇ ಗುರುತಿಸಿದ್ದ ಕ್ಷುದ್ರಗ್ರಹವೊಂದು ಸುಮಾರು 28,000 ಕಿ.ಮೀ. ಎತ್ತರದಲ್ಲಿ ಹಾದುಹೋಗುವುದನ್ನು ವಿಜ್ಞಾನಿಗಳು ಅಂದು ಕಾಯುತ್ತಿದ್ದರು. ಅದು ಬರುವ ಮುನ್ನವೇ ರಷ್ಯಾದ ಚೆಲ್ಯಾಬಿನ್ಸ್ಕ್‌ ಮೇಲೆ ಸುಮಾರು 20 ಮೀಟರಿನ ಮತ್ತೊಂದು ಕಲ್ಲು ಸಿಡಿದು, ಹೆಚ್ಚಾಗಿ ಕಿಟಕಿಯ ಗಾಜು ಚೂರಾಗಿ, ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು. ಅದನ್ನು ಯಾರೂ ಕಂಡಿರಲಿಲ್ಲ. ಅದು ಬಂದದ್ದು ಸೂರ್ಯನ ದಿಕ್ಕಿನಿಂದ, ಸೀರಿಸನ್ನು ಪಿಯಾಟ್ಸಿಯಿಂದ ಮರೆಮಾಡಿದ್ದ ಅದೇ ಪ್ರಭೆಯೊಳಗಿಂದ.