ಹೆಡ್‌ಮಾಸ್ಟರುಗಳು ಒಂದಾದದ್ದು ಯಾಕೆ?

ಇಂಗ್ಲೆಂಡಿನ ಅಪಿಂಗ್‌ಹ್ಯಾಮ್ ಶಾಲೆಗೆ ಎಡ್ವರ್ಡ್ ಥ್ರಿಂಗ್ ಹೆಡ್‌ಮಾಸ್ಟರ್ ಆಗಿ ಬಂದದ್ದು 1853ರಲ್ಲಿ. ಆಗ ಅಲ್ಲಿದ್ದದ್ದು ಸುಮಾರು 25 ಹುಡುಗರು. ಥ್ರಿಂಗ್ ಅವರೂ ಜೊತೆಯ ಮೇಷ್ಟ್ರುಗಳೂ ಸ್ವಂತ ದುಡ್ಡು ಸುರಿದು, ಹಾಸ್ಟೆಲ್ ಕಟ್ಟಿಸಿ, ಅದನ್ನು ಸುಮಾರು 300 ಹುಡುಗರ ಶಾಲೆ ಮಾಡಿದರು.

ಅಷ್ಟರಲ್ಲಿ 1869ರ ದತ್ತಿ ಶಾಲೆಗಳ ಕಾಯ್ದೆ ಬಂತು. ದತ್ತಿ ಶಾಲೆ ಅಂದರೆ ದಾನಿಗಳು ಬಿಟ್ಟುಹೋದ ಆಸ್ತಿಯ ಮೇಲೆ ನಿಂತ, ಅಪಿಂಗ್‌ಹ್ಯಾಮ್‌ನಂಥ ಶಾಲೆ. ದತ್ತಿ ಆಸ್ತಿ, ಆಡಳಿತ ಮಂಡಳಿ, ಹಳೇ ನಿಯಮ ಎಲ್ಲವನ್ನೂ ಬದಲಿಸುವ ಅಧಿಕಾರ ಸರ್ಕಾರಿ ಕಮಿಷನರುಗಳ ಕೈಗೆ ಹೋಯಿತು. ತಾವು ಕಟ್ಟಿದ ಶಾಲೆಯಲ್ಲಿ ಬೇರೆಯವರ ಯಜಮಾನಿಕೆ ಅಂದರೆ ಥ್ರಿಂಗ್ ಹೇಗೆ ಸುಮ್ನಿರುತ್ತಾರೆ? ಮೂವತ್ತಕ್ಕೂ ಜಾಸ್ತಿ ಹೆಡ್‌ಮಾಸ್ಟರುಗಳಿಗೆ ಕಾಗದ ಬರೆದರು. ಆ ಡಿಸೆಂಬರಿನಲ್ಲಿ ರೆಪ್ಟನ್, ಟನ್‌ಬ್ರಿಡ್ಜ್, ಶೆರ್ಬೋರ್ನ್ ಮುಂತಾದ ಶಾಲೆಗಳಿಂದ ಹತ್ತು ಹನ್ನೆರಡು ಮಂದಿ ಅಪಿಂಗ್‌ಹ್ಯಾಮ್‌ನಲ್ಲಿ ಸೇರಿದರು. ಇಂಥ ಶಾಲೆಗಳ ಮುಖ್ಯಸ್ಥರ ಸಂಘವಾದ ಹೆಡ್‌ಮಾಸ್ಟರ್ಸ್ ಕಾನ್ಫರೆನ್ಸ್ ಹುಟ್ಟಿದ್ದು ಹೀಗೆ.

ಈಟನ್, ಹ್ಯಾರೋ ಅಲ್ಲಿರಲಿಲ್ಲ. ಅವೂ ಸೇರಿ ಏಳು ದೊಡ್ಡ ಶಾಲೆಗಳಿಗೆ 1868ರಲ್ಲೇ ಪ್ರತ್ಯೇಕ ಕಾಯ್ದೆ ಆಗಿತ್ತಲ್ವಾ? ಅವು ಆಮೇಲೆ ಬಂದವು. 1874ರಲ್ಲಿ ಫ್ರಾನ್ಸಿಸ್ ಬಸ್ ಮುಂದಾಳತ್ವದಲ್ಲಿ ಹೆಡ್‌ಮಿಸ್ಟ್ರೆಸ್‌ಗಳೂ ತಮ್ಮ ಸಂಘ ಕಟ್ಟಿಕೊಂಡರು. ಕಾನ್ಫರೆನ್ಸ್ ತನ್ನ ಹೆಸರಿನಲ್ಲಿ ಮಹಿಳೆಯರಿಗೆ ಜಾಗ ಕೊಟ್ಟದ್ದು ಮಾತ್ರ 1996ರಲ್ಲಿ!

ಶಾಲೆಗಳು ಒಟ್ಟಾಗಿ ನಿಲ್ಲುವುದು ತಪ್ಪಲ್ಲ. ಆದರೆ ಈ ಸಲಿಗೆಗೆ ಹೊರಗಿನವರ ಕಣ್ಣು ಬೇಕು ಅನ್ನುವುದಕ್ಕೆ ಫೀಸಿನ ಪ್ರಕರಣವೇ ಸಾಕು. 2001ರಿಂದ ಮೂರು ಶೈಕ್ಷಣಿಕ ವರ್ಷ, ಹೆಸರುವಾಸಿಯಾದ 50 ಶಾಲೆಗಳು ಮುಂದಿನ ವರ್ಷ ಫೀಸು ಎಷ್ಟು ಏರಿಸುತ್ತೇವೆ ಅಂತ ಸೆವೆನೋಕ್ಸ್ ಶಾಲೆಗೆ ತಿಳಿಸುತ್ತಿದ್ದವು. ಅಲ್ಲಿ ಎಲ್ಲವನ್ನೂ ಪಟ್ಟಿ ಮಾಡಿ ಮತ್ತೆ ಎಲ್ಲರಿಗೂ ಕಳಿಸುತ್ತಿದ್ದರು. ಬಜೆಟ್ ಬದಲಾದಂತೆ ಪಟ್ಟಿಯೂ ಬದಲಾಗುತ್ತಿತ್ತು, ವರ್ಷಕ್ಕೆ ನಾಲ್ಕರಿಂದ ಆರು ಸಲ. ಫೀಸು ಕಟ್ಟುವ ತಂದೆತಾಯಿಗೆ ಮಾತ್ರ ಇದರ ಸುಳಿವಿಲ್ಲ. ಇದು ಸ್ಪರ್ಧಾ ಕಾನೂನಿನ ಉಲ್ಲಂಘನೆ ಎಂದು ಸರ್ಕಾರದ ನ್ಯಾಯಯುತ ವ್ಯಾಪಾರ ಕಚೇರಿ ತೀರ್ಮಾನಿಸಿತು. ಬಹುತೇಕ ಶಾಲೆಗಳಿಗೆ ಬಿದ್ದ ದಂಡ ತಲಾ 10,000 ಪೌಂಡಿನ ಆಸುಪಾಸು. ಜೊತೆಗೆ, ಆ ವರ್ಷಗಳಲ್ಲಿ ಓದಿದ ಮಕ್ಕಳಿಗಾಗಿ ಒಟ್ಟು 30 ಲಕ್ಷ ಪೌಂಡಿನ ಟ್ರಸ್ಟ್. ಅಂಥ ಶ್ರೀಮಂತ ಶಾಲೆಗಳಿಗೆ ಇದು ತೀರಾ ಕಡಿಮೆ ಅಂತಲೇ ನನಗನಿಸುತ್ತದೆ.

ಈಗ ಖಾಸಗಿ ಶಾಲೆಗಳ ಪ್ರಮುಖ ಸಂಘಗಳು ಇಂಡಿಪೆಂಡೆಂಟ್ ಸ್ಕೂಲ್ಸ್ ಕೌನ್ಸಿಲ್ ಎಂಬ ಒಂದೇ ಛತ್ರಿಯಡಿ ಇವೆ. 2025ರ ಜನವರಿ 1ರಿಂದ ಖಾಸಗಿ ಶಾಲೆಗಳ ಫೀಸಿಗೆ ಶೇ 20 ವ್ಯಾಟ್ ಬಿತ್ತು. ಕೌನ್ಸಿಲ್ ಬೆಂಬಲದಿಂದ ಕೆಲವು ಕುಟುಂಬಗಳು ಕೋರ್ಟಿಗೆ ಹೋದವು. ಜೂನ್‌ನಲ್ಲಿ ಹೈಕೋರ್ಟ್ ಅರ್ಜಿ ವಜಾ ಮಾಡಿತು.