ಒತ್ತು ಅಂದರೆ ದೀರ್ಘ ಅಲ್ಲ

ಸ್ಪ್ಯಾನಿಷ್ ಕಲಿಯುವ ನಮ್ಮವರು ಮೊದಲು ಎಡವುವುದೇ ಇಲ್ಲಿ. ಸ್ವರದ ತಲೆ ಮೇಲೆ ಓರೆ ಗೀಟು ಕಂಡ ಕೂಡಲೇ ದೀರ್ಘ ಎಳೆಯುತ್ತಾರೆ. ‘ಬಳೆ’, ‘ಬಾಳೆ’ ಅಂತ ಉದ್ದದಿಂದ ಅರ್ಥ ಹಿಡಿಯುವ ಕಿವಿ ನಮ್ಮದು. ಆದರೆ ಆ ಗೀಟು ಹೇಳುವುದು ಉದ್ದವನ್ನಲ್ಲ, ಒತ್ತನ್ನು, ಅಂದರೆ ಪದದ ಯಾವ ತುಂಡನ್ನು ಜೋರಾಗಿ ಹೇಳಬೇಕು ಅನ್ನುವುದನ್ನು. ಒತ್ತಿದ ಸ್ವರ ಚೂರು ಉದ್ದ ಆಗಬಹುದು, ಅಷ್ಟೇ.

‘ತೆರ್ಮಿನೊ’ ತಗೊಳ್ಳಿ. ತೆರ್-ಮಿ-ನೊ, ಮೂರು ತುಂಡು. ಮೊದಲನೆಯದನ್ನು ಒತ್ತಿದರೆ ‘ಕೊನೆ’. ನಡುವಿನದನ್ನು ಒತ್ತಿದರೆ ‘ಮುಗಿಸುತ್ತೇನೆ’. ಕೊನೆಯದನ್ನು ಒತ್ತಿದರೆ ‘ಮುಗಿಸಿದನು’! ತುಂಡು ಮಾಡುವಾಗ ನಮ್ಮ ಲಿಪಿಯನ್ನು ನಂಬಬೇಡಿ. ‘ರ್ಮಿ’ ನಮಗೆ ಒಂದೇ ಅಕ್ಷರ, ಅವರಿಗೆ ರ್ ಹಿಂದಿನ ತುಂಡಿಗೆ ಸೇರಿದ್ದು. ‘ಮಾತಾಡುತ್ತೇನೆ’ ಅನ್ನುವ ‘ಅಬ್ಲೊ’ ಮಾತ್ರ ನಾವು ಬರೆದ ಹಾಗೇ ಅ-ಬ್ಲೊ.

ಪದ ಸ್ವರದಲ್ಲೋ ನ್, ಸ್‌ನಲ್ಲೋ ಮುಗಿದರೆ ಒತ್ತು ಕೊನೆಯಿಂದ ಎರಡನೇ ತುಂಡಿಗೆ. ಬೇರೆ ವ್ಯಂಜನದಲ್ಲಿ ಮುಗಿದರೆ ಕೊನೆಯದಕ್ಕೆ. ಇದನ್ನು ಮೀರಿದ ಕಡೆ ಗೀಟು.

ನ್, ಸ್‌ಗೆ ಮಾತ್ರ ಯಾಕೆ ಈ ವಿನಾಯಿತಿ? ನನಗೆ ತುಂಬ ಇಷ್ಟವಾದ ಜಾಗ ಇದು. ಕ್ರಿಯಾಪದಕ್ಕೆ ಅಂಟುವ ಪ್ರತ್ಯಯಗಳೇ ಅವು. ‘ಅಬ್ಲ’ ಅಂದರೆ ಮಾತಾಡುತ್ತಾನೆ, ‘ಅಬ್ಲಸ್’ ಮಾತಾಡುತ್ತೀಯ, ‘ಅಬ್ಲನ್’ ಮಾತಾಡುತ್ತಾರೆ. ಮೂರರಲ್ಲೂ ಒತ್ತು ಮೊದಲ ‘ಅ’ ಮೇಲೇ. ಸೀರೆಗೆ ಫಾಲ್ ಹೊಲಿದ ಹಾಗೆ: ಅಂಚಿಗೆ ಬಟ್ಟೆ ಸೇರಿತು, ನೆರಿಗೆ ಹಿಡಿಯುವ ಜಾಗ ಬದಲಾಗಲಿಲ್ಲ. ಗಾಡಿಯ ಹಿಂದೆ ಇನ್ನೊಂದು ಮೂಟೆ ಕಟ್ಟಿದರೆ ನೊಗ ಸರಿಯುತ್ತದಾ? ಇಲ್ಲ ಅಲ್ವಾ, ಹಾಗೆ. ‘ಮಾತಾಡುವುದು’ ಅನ್ನುವ ‘ಅಬ್ಲರ್’ ಮಾತ್ರ ರ್‌ನಲ್ಲಿ ಮುಗಿಯುತ್ತದೆ, ಒತ್ತು ‘ಬ್ಲ’ಗೆ ಬೀಳುತ್ತದೆ.

ಹಾಗಾದರೆ ‘ಹಾಡಿದನು’ ಅನ್ನುವ ‘ಕಂತೊ’ ಸ್ವರದಲ್ಲಿ ಮುಗಿದರೂ ಕೊನೆಯಲ್ಲಿ ಯಾಕೆ ಒತ್ತು? ಸ್ಪ್ಯಾನಿಷ್‌ನ ತಾಯಿ ಲ್ಯಾಟಿನ್‌ಗೆ ಹೋಗಬೇಕು. ಅಲ್ಲಿ ಅದು ‘ಕಂತಾವಿತ್’, ಒತ್ತು ನಡುವಿನ ‘ತಾ’ ಮೇಲೆ. ಜನರ ಬಾಯಲ್ಲಿ ಬಾಲ ಸವೆಯಿತು. ‘ಆವ್’ ಕರಗಿ ‘ಒ’ ಆಯಿತು. ಒತ್ತು ಕದಲಲಿಲ್ಲ, ಅದರ ಮುಂದಿದ್ದ ತುಂಡೇ ಉದುರಿಹೋಯಿತು. ನಡುವಿನ ಒತ್ತು ಹೀಗೆ ಕೊನೆಯ ಒತ್ತಾಯಿತು. ‘ಹಾಡುತ್ತೇನೆ’ ಅನ್ನುವ ಇನ್ನೊಂದು ‘ಕಂತೊ’ ಲ್ಯಾಟಿನ್‌ನಲ್ಲೂ ಎರಡೇ ತುಂಡು, ಒತ್ತು ಮೊದಲನೆಯದರ ಮೇಲೆ. ಅದು ಇವತ್ತಿಗೂ ಅಲ್ಲೇ ಇದೆ.

ಒತ್ತು ಊರಿಂದ ಊರಿಗೂ ಬದಲಾಗಬಹುದು. ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿ ಗೆಳೆಯನಿಗೆ ‘ನೀನು ಹಾಡುತ್ತೀಯ’ ಅನ್ನಲು ‘ಕಂತಸ್’ನ ಮೊದಲ ತುಂಡು ಒತ್ತುತ್ತಾರೆ. ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಅದೇ ಮಾತಿಗೆ ಎರಡನೆಯದನ್ನು ಒತ್ತುತ್ತಾರೆ, ಗೀಟು ಹಾಕಿಯೇ ಬರೆಯುತ್ತಾರೆ.